ಅಲಗು ಅಲುಗಿದರೆ

ಕೊಕ್ಕರೆ ಮಾರ್ಕಿನದು ಮೊದಲ ವಾರವೇ ಅಲುಗಿತು.
ಅಲಗು ಅಲುಗಿದರೆ ಕಸಿ ಕೂರುವುದಿಲ್ಲ.
ಒಂದೇ ಎಳೆತಕ್ಕೆ ಹೋಗಬೇಕು, ನೀರಿನ ಮೇಲ್ಮೈಯ ಹಾಗೆ;
ಎರಡನೇ ಸಲ ಕೆರೆದರೆ ಕುಡಿ ಮುನಿಸಿಕೊಳ್ಳುತ್ತದೆ.

ಮಂಗಳೂರಿನಲ್ಲಿ ಕೊಂಡದ್ದು, ಎಂಟುನೂರ ಎಂಬತ್ತು.
ಬಿಲ್ಲು ಉಂಟು, ಕಾರ್ಡು ಉಂಟು, ಸೀಲು ಮಾತ್ರ ಅರ್ಧ ಬಿದ್ದಿದೆ.
ಫೋನು ಮಾಡಿದೆ. ಕನ್ನಡಕ್ಕೆ ನಾಲ್ಕು ಒತ್ತಿ ಎಂದಿತು, ಒತ್ತಿದೆ.
ಆ ಹುಡುಗಿ ಚಂದದ ಕನ್ನಡದಲ್ಲೇ ಹೇಳಿದಳು:
ಮೇಡಂ, ನಿಮ್ಮದು ಆರು ಏಳರಿಂದ ಶುರುವಾಗುವ ಪಿನ್‌ಕೋಡು,
ಎರ್ನಾಕುಳಕ್ಕೆ ಹೇಳಬೇಕು.
ಎರ್ನಾಕುಳದವನು ಮಲಯಾಳದಲ್ಲಿ ಹೇಳಿದ:
ಚೇಚೀ, ಬಿಲ್ಲು ಕರ್ನಾಟಕದ್ದಲ್ಲವಾ.
ಅಂದಿನಿಂದ ನನ್ನ ಕತ್ತಿ
ತಲಪಾಡಿ ಗೇಟಿನಲ್ಲಿ ಅರ್ಧ ತೆರೆದು ನಿಂತಿದೆ,
ಅತ್ತ ಮಡಚದೆ, ಇತ್ತ ಬಿಚ್ಚದೆ.

ಎರಡು ಬೀಗದ ಮಾರ್ಕಿನದು
ನರ್ಸರಿಯ ಹಸೈನಾರ್ ಶಾರ್ಜಾದಿಂದ ತಂದುಕೊಟ್ಟದ್ದು.
ತೆರೆದರೆ 'ಟಕ್' ಎನ್ನುವ ಸದ್ದಿಗೇ ಅರ್ಧ ಬೆಲೆ.
ಜೀವನಪರ್ಯಂತ ವಾರಂಟಿ ಎಂದು ಬರೆದಿದ್ದಾರೆ,
ಯಾರ ಜೀವನ ಎಂದು ಬರೆದಿಲ್ಲ.
ಮೂರನೇ ಮಳೆಗೆ ಸ್ಪ್ರಿಂಗು ಸತ್ತಿತು.
ಕಂಪೆನಿಗೆ ಕಳಿಸೋಣವೆಂದು ಹಳೆ ಬನಿಯನ್ನಿನಲ್ಲಿ ಸುತ್ತಿ ಒಯ್ದರೆ
ನೀರ್ಚಾಲು ಪೋಸ್ಟಾಫೀಸಿನ ದೇವಕಿ ತಕ್ಕಡಿಯಿಂದ ಕೈ ತೆಗೆದಳು:
ಕತ್ತಿಯಾ? ವಿಮಾನಕ್ಕೆ ಹಾಕುವುದಿಲ್ಲ ಮಾರಾಯ್ತಿ.

ಮೋನಪ್ಪ ಆಚಾರಿಯ ಕತ್ತಿ ಹೇಗೆ ಎಂದು ಕೇಳುತ್ತೀರಿ.
ಅದಕ್ಕೆ ಮಡಚುವ ಬುದ್ಧಿಯೇ ಇಲ್ಲ.
ಬಾಯಿ ಮುಕ್ಕಾಯಿತು ಎಂದು ಒಯ್ದರೆ
ನಿನ್ನ ಕೈಯದ್ದೇ ದೋಷ ಎನ್ನುತ್ತಾನೆ,
ಎರಡು ಬೀಡಿ ಮುಗಿಯುವವರೆಗೂ ಎನ್ನುತ್ತಾನೆ.

ಈ ಸಲ ಅಂಗಡಿಯಲ್ಲಿ ಒಂದೇ ಮಾರ್ಕಿನ ಆರು ಕತ್ತಿ ತೆಗೆಸಿದೆ.
ಕಿಟಕಿಯ ಬೆಳಕಿಗೆ ಹಿಡಿದೆ, ಮಡಚಿದೆ, ಬಿಚ್ಚಿದೆ.
ಒಂದರ ಅಲಗು ಎಡಕ್ಕೆ ಒರಗಿ ಹಿಡಿಯನ್ನು ತಿನ್ನುತ್ತಿತ್ತು,
ಒಂದರ ಮೊಳೆ ಸಡಿಲ,
ಒಂದಕ್ಕೆ ಎರಡೂ ಬದಿಯಿಂದ ಸಾಣೆ! ಕಸಿಯ ಕತ್ತಿಗೆ!
ಅಂಗಡಿಯವ ಉಗುರು ನೋಡಿಕೊಳ್ಳುತ್ತ ಕೂತಿದ್ದ.
ಪ್ರತಿ ಪೆಟ್ಟಿಗೆಯಲ್ಲೂ ಹೆಬ್ಬೆರಳಗಲದ ಚೀಟಿ:
ಪರೀಕ್ಷಿಸಿದವರು, ಹದಿನಾಲ್ಕು.

ಹದಿನಾಲ್ಕನೆಯವರೇ,
ನಿಮ್ಮ ಹೆಸರು ಗೊತ್ತಿಲ್ಲ. ಹೆಂಗಸೇ ಇರಬೇಕು ಅನಿಸಿತು.
ಅಂದು ನಿಮಗೆ ಜ್ವರವಿತ್ತೋ,
ತಾಸಿಗೆ ಇಷ್ಟು ಎಂದು ಯಾರೋ ಹಿಂದೆ ನಿಂತಿದ್ದರೋ.
ಆರೂ ವಾಪಸು ಕೊಟ್ಟು
ಚೀಟಿ ಒಂದನ್ನು ಮಾತ್ರ ಪರ್ಸಿಗೆ ಹಾಕಿಕೊಂಡೆ.

ಹಸೈನಾರ್‌ನ ನರ್ಸರಿಯಲ್ಲಿ ನಾವು ಐದು ಜನ ಕಸಿ ಕಟ್ಟುವವರು.
ಗುರುತಿಗೆ ಬಣ್ಣದ ಪಟ್ಟಿ, ನನ್ನದು ಹಳದಿ.
ಗಿಡಕ್ಕೆ ಮೂರು ತಿಂಗಳ ಗ್ಯಾರಂಟಿ ಎಂದು
ಗೇಟಿನ ಬೋರ್ಡಿನಲ್ಲಿ ಎರಡು ಭಾಷೆಯಲ್ಲಿ ಬರೆದಿದೆ.

ಮೊನ್ನೆ ಆದೂರಿನ ಚಾತು ಮಣಿಯಾಣಿ ಬಂದರು,
ಸತ್ತ ಹಲಸಿನ ಗಿಡವನ್ನು ಮಗುವಿನ ಹಾಗೆ ಎತ್ತಿಕೊಂಡು.
ಏಳು ತಿಂಗಳಾಗಿದೆ. ಬಿಲ್ಲು ಇಲ್ಲ. ಹಳದಿ ಪಟ್ಟಿ ಉಂಟು.
ನೀರು ಹಾಕಿದ್ದೀರಾ, ಆಡು ತಿಂದಿತಾ,
ಕೇಳಬೇಕಾದ್ದನ್ನೆಲ್ಲ ಎರ್ನಾಕುಳದವನ ದನಿಯಲ್ಲೇ ಕೇಳಿದೆ.
ಪಟ್ಟಿ ಬಿಚ್ಚಿದೆ.
ಒಳಗೆ ಕೂದಲೆಳೆಯಷ್ಟು ಸಂದು,
ಕುಡಿ ಒಂದು ಕಡೆ, ಬೇರುಗಿಡ ಒಂದು ಕಡೆ,
ನಡುವೆ ಕಪ್ಪು.
ಕೊಕ್ಕರೆ ಅಲುಗಿದ ವಾರದ್ದು.
ಆ ವಾರ ನಾನು ನಲವತ್ತು ಕಟ್ಟಿದ್ದೆ.

ಬೇರೆ ಗಿಡ ಕೊಟ್ಟೆ. ಹಸೈನಾರ್ ಏನೂ ಹೇಳಲಿಲ್ಲ,
ಶನಿವಾರ ನೂರಿಪ್ಪತ್ತು ಕಡಿಮೆ ಎಣಿಸಿದ.
ಉಳಿದ ಮೂವತ್ತೊಂಬತ್ತು ಯಾರ ಹಿತ್ತಲಲ್ಲಿ ಉಂಟೋ.

ಈಗ ಕೊಕ್ಕರೆಯ ಸಂದಿಗೆ
ಮಾತ್ರೆ ಹಾಳೆಯ ಚೂರು ತುರುಕಿ ಮೊಳೆ ಬಿಗಿದಿದ್ದೇನೆ.
ಸದ್ಯ ಅಲುಗುವುದಿಲ್ಲ. ಸದ್ಯ ಎಂದೇ ಹೇಳುತ್ತೇನೆ.
ಫೋನಿಗೆ ಮೆಸೇಜು ಬಂದಿದೆ:
ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ,
ನಮ್ಮ ಸೇವೆಗೆ ಐದರಲ್ಲಿ ಅಂಕ ಕೊಡಿ.
ಕೊಡೋಣವೆಂದರೆ
ಹತ್ತೂ ಬೆರಳಿಗೆ ಹಲಸಿನ ಮೇಣ,
ತೆಂಗಿನೆಣ್ಣೆ ಹಚ್ಚದೆ ಬಿಡುವುದಿಲ್ಲ.